ಮೂರು ಮಾನಿಟರ್‌ಗಳ ಕಾಟ, ಕೊನೆಗೆ ಸಿಕ್ಕಿದ್ದು ಕುರ್ಚಿ

ನನ್ನ ಮೂರು ಮಾನಿಟರ್‌ಗಳಲ್ಲಿ ಒಂದೂ ಕಪ್ಪಾಗದೆ ಹೆಚ್ಚುಕಡಿಮೆ ಐದು ತಿಂಗಳಾಯಿತು. "ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ತಗೋ" ಎಂದವರು ಒಬ್ಬಿಬ್ಬರಲ್ಲ. ಆ ಹಳೇ ಕಾರ್ಡಿನಲ್ಲೇ ಇವತ್ತೂ ಕೆಲಸ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಡುವೆ ಇರುವುದು 1440ಪಿ, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಎಡಬಲಕ್ಕೆ 1080ಪಿ, 60 ಹರ್ಟ್ಸ್‌ನ ಎರಡು. ಬಲದ್ದನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದೇನೆ. ಎಡದ್ದಕ್ಕೆ ಎಚ್‌ಡಿಎಂಐ ಕೇಬಲ್, ಉಳಿದೆರಡಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್. ಬಲದ ಪರದೆ ದಿನಕ್ಕೆ ಐದಾರು ಸಲ ಎರಡು ಸೆಕೆಂಡ್ ಕಪ್ಪಾಗುತ್ತಿತ್ತು. ಎಡಗಡೆ ವಿಡಿಯೋ ಓಡುವಾಗ ನಡುವಿನ ಪರದೆಯ ಬ್ರೌಸರ್ ಮಿಣಮಿಣ ಅನ್ನುತ್ತಿತ್ತು. ಇನ್ನು ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದರೆ ವಿಂಡೋಗಳೆಲ್ಲ ಒಂದೇ ಪರದೆಗೆ ಬಂದು ಗುಂಪುಗೂಡಿರುತ್ತಿದ್ದವು.

ಮೂರೂ ಒಂದೇ ರೋಗ ಅಂದುಕೊಂಡೆ. ಅಲ್ಲೇ ದುಡ್ಡು ಹೋದದ್ದು. ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶ ಓಡಿಸಿ, ಕಾರ್ಡಿನ ಡ್ರೈವರ್ ಪೂರ್ತಿ ಕಿತ್ತು ನಾಲ್ಕು ಸಲ ಹಾಕಿದೆ. ಪವರ್ ಸಪ್ಲೈ ಬದಲಿಸಿದೆ. ಕೊನೆಗೆ ಎಲ್ಲರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಒಂದನ್ನು ತಂದೆ. ಅದರಲ್ಲೂ ಅದೇ ಕಪ್ಪು! ವಾಪಸ್ ಮಾರಿದಾಗ ಕೊಟ್ಟ ದುಡ್ಡಿನ ಮುಕ್ಕಾಲೂ ಕೈಗೆ ಬರಲಿಲ್ಲ. ಪವರ್ ಸಪ್ಲೈಗೂ ಕಾರ್ಡಿಗೂ ಹೋದದ್ದನ್ನು ಕೂಡಿಸಿದರೆ ನಾಲ್ಕನೇ ಮಾನಿಟರ್ ಬರುತ್ತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ದುಡ್ಡು ಹಾಕುವುದನ್ನು ನಿಲ್ಲಿಸಿ ಒಂದು ನೋಟ್‌ಬುಕ್ ಇಟ್ಟೆ. ಯಾವ ಪರದೆ, ಎಷ್ಟು ಹೊತ್ತಿಗೆ, ಆಗ ನಾನೇನು ಮಾಡುತ್ತಿದ್ದೆ, ಇಷ್ಟೇ ಬರೆಯುವುದು. ಜೊತೆಗೆ ದಿನವಿಡೀ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಟ್ಟೆ. ಬಲದ ಪರದೆ ಕಪ್ಪಾದ ಕ್ಷಣವನ್ನು ರೆಕಾರ್ಡಿಂಗ್‌ನಲ್ಲಿ ಹುಡುಕಿ ನೋಡಿದರೆ ಅಲ್ಲಿ ಚಿತ್ರ ನೆಟ್ಟಗಿದೆ. ಅಂದರೆ ಚಿತ್ರ ಸರಿಯಾಗಿಯೇ ತಯಾರಾಗುತ್ತಿದೆ, ಗಾಜಿಗೆ ಬರುವ ದಾರಿಯಲ್ಲಿ ತಪ್ಪಿಹೋಗುತ್ತಿದೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಮೊದಲೇ ಮಾಡಿದ್ದರೆ ಕಾರ್ಡ್ ತರುತ್ತಲೇ ಇರಲಿಲ್ಲ.

ಹನ್ನೆರಡು ದಿನದಲ್ಲಿ ಅರವತ್ತರ ಹತ್ತಿರ ಸಾಲುಗಳಾದವು. ಓದುತ್ತಾ ಹೋದರೆ ಮೂರರಲ್ಲಿ ಎರಡು ಪಾಲು ಒಂದೇ ಮಾತು: "ಎದ್ದೆ", "ಬಂದು ಕೂತೆ". ನನ್ನದು ಗ್ಯಾಸ್ ಲಿಫ್ಟ್ (ಎತ್ತರ ಏರಿಸಿ ಇಳಿಸುವ ಗ್ಯಾಸ್ ಕೊಳವೆ) ಇರುವ ಆಫೀಸ್ ಕುರ್ಚಿ. ಗೆಳೆಯನಿಗೆ ಹೇಳಿದೆ. "ಕುರ್ಚಿಗೂ ಮಾನಿಟರಿಗೂ ಏನು ಸಂಬಂಧ?" ಅಂದ. ಸರಿ, ಅವನ ಎದುರಿಗೇ ಇಪ್ಪತ್ತು ಸಲ ಕೂತು ಎದ್ದೆ. ಏಳೋ ಎಂಟೋ ಸಲ ಕಪ್ಪಾಯಿತು. ಅದೇ ಜಾಗದಲ್ಲಿ ಮರದ ಕುರ್ಚಿ ಹಾಕಿ ಇಪ್ಪತ್ತು ಸಲ, ಒಂದು ಸಲವೂ ಇಲ್ಲ. "ಕಾಕತಾಳೀಯ" ಅಂದು ಹೊರಟ.

ಸಂಬಂಧ ಇದೆ. ಇಂಥ ಕುರ್ಚಿಯಿಂದ ಎದ್ದಾಗ, ಕೂತಾಗ ಸ್ಥಾಯಿ ವಿದ್ಯುತ್ ಹಾರಿ ಸಣ್ಣದೊಂದು ಸ್ಪೈಕ್ ಹುಟ್ಟುತ್ತದೆ. ಕೇಬಲ್ ಅದನ್ನು ಆಂಟೆನಾ ಹಾಗೆ ಹಿಡಿಯುತ್ತದೆ. ಸಿಗ್ನಲ್ ಮೊದಲೇ ಸೊರಗಿದ್ದರೆ ಕಾರ್ಡಿಗೂ ಮಾನಿಟರಿಗೂ ಇರುವ ಲಿಂಕ್ ಕಡಿದು ಮತ್ತೆ ಕೂಡಿಕೊಳ್ಳಬೇಕು. ಆ ಎರಡು ಸೆಕೆಂಡ್ ಅದೇ. ನನ್ನ ಬಲದ ಕೇಬಲ್ 5 ಮೀಟರ್, ಉಳಿದದ್ದನ್ನು ಸುರುಳಿ ಸುತ್ತಿ ಕುರ್ಚಿಯ ಕಾಲಬುಡದಲ್ಲೇ ಬಿಟ್ಟಿದ್ದೆ.

ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಗಿಡ್ಡ ಕೇಬಲ್ ತಂದೆ. ಕಪ್ಪಾಗುವುದು ಕಡಿಮೆಯಾಯಿತು, ಆದರೆ ಕಂಪ್ಯೂಟರ್ ಒಮ್ಮೊಮ್ಮೆ ಬೂಟ್ ಆಗದೆ ನಿಂತುಬಿಡುತ್ತಿತ್ತು. ಕೇಬಲ್ ಕಿತ್ತರೆ ಸರಿ. ಮಲ್ಟಿಮೀಟರ್ ಇಟ್ಟು ನೋಡಿದೆ. ಡಿಸ್‌ಪ್ಲೇಪೋರ್ಟಿನ 20ನೇ ಪಿನ್ ಎರಡೂ ತುದಿಗೆ ಜೋಡಿಸಿತ್ತು. ಸಾಮಾನ್ಯ ಕೇಬಲ್‌ನಲ್ಲಿ ಅದು ಹಾಗಿರಬಾರದು. ಹಾಗಿದ್ದರೆ ಮಾನಿಟರಿನ 3.3 ವೋಲ್ಟ್ ಕಾರ್ಡಿಗೆ ಹಿಂದಿನಿಂದ ನುಗ್ಗುತ್ತದೆ. ಆ ಕೇಬಲನ್ನು ಕತ್ತರಿಸಿ ಬಿಸಾಡಿದೆ, ಬೇರೆ ಯಾರ ಕೈಗೂ ಹೋಗಬಾರದು ಅಂತ. ಕೊನೆಗೆ ಸರ್ಟಿಫೈ ಆದ 2 ಮೀಟರ್ ಕೇಬಲ್ ಹಾಕಿ ಎರಡೂ ತುದಿಗೆ ಇಂಥ ಸ್ಪೈಕ್ ತಗ್ಗಿಸುವ ಫೆರೈಟ್ ಕ್ಲಿಪ್ ಕಚ್ಚಿಸಿದೆ. ಎಲ್ಲಾ ಸೇರಿ ಕಾರ್ಡಿನ ಬೆಲೆಯ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಹಳೇ ಕುರ್ಚಿಯಲ್ಲೇ ಇಪ್ಪತ್ತು ಸಲ ಕೂತು ಎದ್ದೆ. ಸೊನ್ನೆ.

ಮಿಣಮಿಣದ ಕತೆ ಬೇರೆ. ಅದಕ್ಕೆ ಕಾರಣ ಮಲ್ಟಿಪ್ಲೇನ್ ಓವರ್‌ಲೇ, ಅಂದರೆ ವಿಡಿಯೋ, ವಿಂಡೋಗಳ ಪದರಗಳನ್ನು ಕಾರ್ಡೇ ನೇರವಾಗಿ ಜೋಡಿಸಿ ತೋರಿಸುವ ವಿಂಡೋಸ್ ಸೌಲಭ್ಯ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನಿಡುವ ರಿಜಿಸ್ಟ್ರಿಯ ಡಿಡಬ್ಲ್ಯುಎಂ ಕೀ ಕೆಳಗೆ 'ಓವರ್‌ಲೇಟೆಸ್ಟ್‌ಮೋಡ್' ಎಂಬ ಡಿವರ್ಡ್ (ಅಂಕಿಯ ನಮೂದು) ಮಾಡಿ 5 ಕೊಟ್ಟು ರೀಸ್ಟಾರ್ಟ್ ಮಾಡಿದೆ. ನನ್ನ ಯಂತ್ರದಲ್ಲಿ ಅಷ್ಟಕ್ಕೇ ನಿಂತಿತು. ಅದಕ್ಕಿಂತ ಮುಂಚೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ ಒತ್ತಿ ಬೆರಳು ಸವೆದಿತ್ತು. ಅದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ ಅಷ್ಟೇ, ರೋಗ ಹೋಗುವುದಿಲ್ಲ.

ಇದೇ ಹೊತ್ತಿನಲ್ಲಿ ಎಡದ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ನೋಡಿದೆ. ಚೆನ್ನಾಗಿಯೇ ಓಡಿತು, ಆದರೆ ವಿಂಡೋ ಒಂದನ್ನು ಆ ಪರದೆಗೆ ಎಳೆಯುವಾಗ ತಡವರಿಸುತ್ತಿತ್ತು. ವಾಪಸ್ ತಂದೆ. ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ನಡುವಿನದನ್ನು 144ರಿಂದ 120ಕ್ಕೆ ಇಳಿಸಿದೆ, ಅಂದರೆ 60ರ ಎರಡು ಪಟ್ಟು. ಅಲ್ಲಿಯವರೆಗೆ ಕಂಪ್ಯೂಟರ್ ಸುಮ್ನೆ ಕೂತಾಗಲೂ ಕಾರ್ಡಿನ ಮೆಮೊರಿ ಕ್ಲಾಕ್ (ಮೆಮೊರಿ ಓಡುವ ವೇಗ) ಇಳಿಯದೆ ಮೇಲೇ ನಿಲ್ಲುತ್ತಿತ್ತು, ಅದು ಇಳಿಯಿತು. ಕಾರ್ಡ್ ಎಳೆಯುತ್ತಿದ್ದ 35 ವಾಟ್ 16ರ ಆಸುಪಾಸಿಗೆ ಬಂತು. ಫ್ಯಾನ್ ನಿಂತೇಹೋಯಿತು. 144ನ್ನು ಉಳಿಸಿಕೊಂಡೇ ಇದನ್ನು ಮಾಡುವ ದಾರಿಯೂ ಇದೆ. ಕಸ್ಟಮ್ ರೆಸಲ್ಯೂಷನ್‌ನಲ್ಲಿ ಲಂಬ ಬ್ಲಾಂಕಿಂಗ್, ಅಂದರೆ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು, ಹಿಗ್ಗಿಸಬೇಕು. ಎಷ್ಟು ಹಿಗ್ಗಿಸಿದೆ ಎಂಬುದು ನನ್ನಲ್ಲೇ ಇರಲಿ. ಎರಡು ರಾತ್ರಿ ಕೂತು ಹುಡುಕಿದ ಅಂಕಿ ಅದು, ಬೇರೆ ಪ್ಯಾನೆಲ್‌ಗೆ ಹೊಂದುತ್ತದೆ ಅಂತಲೂ ಇಲ್ಲ.

ವಿಂಡೋಗಳು ಗುಂಪುಗೂಡುವುದಕ್ಕೆ ಮಾನಿಟರಿನ ಮೆನುವಿನಲ್ಲೇ ಮದ್ದಿತ್ತು. ಮಾನಿಟರ್ ಪೂರ್ತಿ ನಿದ್ದೆಗೆ ಹೋಗುವ ಡೀಪ್ ಸ್ಲೀಪ್, ಸಿಗ್ನಲ್ ಇರುವ ಪೋರ್ಟನ್ನು ತಾನೇ ಹುಡುಕುವ ಆಟೋ ಇನ್‌ಪುಟ್, ಎರಡನ್ನೂ ಆಫ್ ಮಾಡಿದೆ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ವಿಂಡೋಗಳ ಜಾಗ ನೆನಪಿಡುವ ಆಯ್ಕೆಗೆ ಟಿಕ್ ಹಾಕಿದೆ. ಅಲ್ಲಿಗೆ ಮುಗಿಯಿತು.

ಕಾಕತಾಳೀಯ ಅಂದ ಗೆಳೆಯನ ಮಾನಿಟರೂ ಆಗಾಗ ಕಪ್ಪಾಗುತ್ತದೆ. ಹೋದ ವಾರ ಅವನ ಕುರ್ಚಿಯಲ್ಲಿ ಹದಿನೈದು ಸಲ ಕೂತು ಎದ್ದೆ. ಮೂರು ಸಲ ಕಪ್ಪಾಯಿತು. ಈಗ ಅವನೂ 2 ಮೀಟರ್ ಕೇಬಲ್ ತರಿಸಿದ್ದಾನೆ. 20ನೇ ಪಿನ್ ನೋಡಲು ನನ್ನ ಮಲ್ಟಿಮೀಟರ್ ಒಯ್ದವನು ಇನ್ನೂ ಕೊಟ್ಟಿಲ್ಲ.