ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ, ಒಂದು ದಾರ ಹಿಡಿದು

ಕಲಬುರಗಿಯಲ್ಲಿ ಹತ್ತನೇ ಕ್ಲಾಸಿಗೆ ಗಣಿತ ಕಲಿಸುತ್ತೇನೆ. 2019ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಹುಡುಗರಿಗೆ ವಿಮಾನದ ಹುಚ್ಚು ಜಾಸ್ತಿ. ‘ಈ ತ್ರಿಕೋನಮಿತಿ, ಕಾಸ್, ಸೈನ್ ಎಲ್ಲಾ ಯಾತಕ್ರಿ?’ ಅಂತ ದಿನಾ ತಲೆ ತಿನ್ನುವ ಒಬ್ಬ ಹುಡುಗ ಅವತ್ತು ಬೇರೆಯೇ ಕೇಳಿದ: “ಸರ್, ಲಕ್ಷದ್ವೀಪದ ಅಗತ್ತಿಯಿಂದ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ವಿಮಾನದಾಗ ಎಷ್ಟೊತ್ತು ಬೇಕ್ರಿ?”

ಫೋನಿನಲ್ಲಿ ನೋಡಿ ಹೇಳಬಹುದಿತ್ತು. ಹೇಳಲಿಲ್ಲ. ಸ್ಟಾಫ್ ರೂಮಿನ ಬೀರು ಮೇಲಿದ್ದ ಗ್ಲೋಬಿನ ಧೂಳು ಒರೆಸಿ ತಂದೆ. ಅಗತ್ತಿ ಅದರಲ್ಲಿ ಇರಲೇ ಇಲ್ಲ. ಅಕ್ಷಾಂಶ 10.8, ರೇಖಾಂಶ 72.2 ನೋಡಿಕೊಂಡು ಪೆನ್ಸಿಲ್ ಚುಕ್ಕೆ ಇಟ್ಟೆವು. ಪೋರ್ಟ್ ಬ್ಲೇರ್‌ಗೆ 11.6 ಮತ್ತು 92.7. (2024ರಲ್ಲಿ ಅದರ ಹೆಸರು ಶ್ರೀ ವಿಜಯಪುರಂ ಆಯಿತು, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ.) ಹೊಲಿಗೆ ದಾರ ಬಿಗಿಯಾಗಿ ಹಿಡಿದು ಅಳೆದರೆ 5.3 ಸೆಂ.ಮೀ. ಸಮಭಾಜಕ ವೃತ್ತದ ಸುತ್ತ ಟೇಪು ಹಿಡಿದರೆ 94 ಸೆಂ.ಮೀ. ಭೂಮಿಯ ಸುತ್ತಳತೆ 40,075 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ ಸುಮಾರು 426 ಕಿ.ಮೀ. ಗುಣಿಸಿದರೆ 2,258. ದಾರ ಒಂದು ಮಿಲಿಮೀಟರ್ ಸರಿದರೂ 40 ಕಿ.ಮೀ. ಹೆಚ್ಚುಕಮ್ಮಿ!

ಆಮೇಲೆ ಬೋರ್ಡಿನಲ್ಲಿ ಲೆಕ್ಕ. ರೇಖಾಂಶದ ಅಂತರ ಸುಮಾರು 20.5 ಡಿಗ್ರಿ, ಡಿಗ್ರಿಗೆ 111 ಕಿ.ಮೀ. ಅಂತ ಗುಣಿಸಿಬಿಟ್ಟೆ. 2,275 ಬಂತು. ದಾರದ ಉತ್ತರಕ್ಕೆ ಹತ್ತಿರ ಇದೆಯಲ್ವಾ ಅಂತ ಖುಷಿಯಾಗಿ ಅಡಿಗೆರೆ ಎಳೆಯುವಾಗ ನೆನಪಾಯಿತು: ಕಾಸ್ ಬಿಟ್ಟಿದ್ದೇನೆ. ಸಮಭಾಜಕದಿಂದ ದೂರ ಹೋದಷ್ಟೂ ರೇಖಾಂಶಗಳು ಹತ್ತಿರ ಬರುತ್ತವೆ. 11 ಡಿಗ್ರಿಯ ಕಾಸ್ 0.98, ಅದರಿಂದಲೂ ಗುಣಿಸಬೇಕಿತ್ತು. ಗೋಳದ ಪೂರ್ತಿ ಸೂತ್ರ ಹಾಕಿ ಮಾಡಿದಾಗ 2,240ರ ಆಸುಪಾಸು ನಿಂತಿತು. ಕಾಸ್ ಯಾತಕ್ಕೆ ಅಂತಿದ್ದವನ ಮುಖ ನೋಡಿದೆ. ಅವನು ಸುಮ್ನೆ ಬರೆದುಕೊಳ್ಳುತ್ತಿದ್ದ.

ಗಂಟೆಗೆ 800 ಕಿ.ಮೀ. ಹಿಡಿದರೆ 2 ಗಂಟೆ 48 ನಿಮಿಷ. ಏರೋದು ಇಳಿಯೋದಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿಸಿ. ಉತ್ತರ ಸಿಕ್ಕಿತು ಅಂತ ಎಲ್ಲರೂ ಪುಸ್ತಕ ಮುಚ್ಚಿದರು.

ನಾನು ಮನೆಗೆ ಬಂದು ಅಗತ್ತಿಯ ರನ್‌ವೇ ಉದ್ದ ನೋಡಿದೆ. ಸುಮಾರು 1,200 ಮೀಟರ್. ಗಂಟೆಗೆ 800ರಲ್ಲಿ ಹಾರುವ ದೊಡ್ಡ ಜೆಟ್ ಅಲ್ಲಿ ಇಳಿಯೋ ಹಾಗೇ ಇಲ್ಲ. ಇಳಿಯುವುದು ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲ್ಲರ್ ಇರುವ ಎಟಿಆರ್ ಅನ್ನೋ ಚಿಕ್ಕ ವಿಮಾನ. ಅದರ ವೇಗ 500ರ ಹತ್ತಿರ, ಮತ್ತೆ ಜನ ತುಂಬಿಕೊಂಡು ಒಂದೇ ಏಟಿಗೆ 2,240 ಕಿ.ಮೀ. ಹಾರಲಾರದು. ನನ್ನ ಲೆಕ್ಕದ ವಿಮಾನ ಇಳಿಯಲಾರದು, ಇಳಿಯುವ ವಿಮಾನ ಅಷ್ಟು ದೂರ ಹಾರಲಾರದು.

ಮರುದಿನ ಮತ್ತೆ ಬೋರ್ಡು. ಅಗತ್ತಿಯಿಂದ ಕೊಚ್ಚಿ ಒಂದೂವರೆ ಗಂಟೆ, ಅಲ್ಲಿಂದ ಚೆನ್ನೈ ಒಂದು ಗಂಟೆ ಚಿಲ್ಲರೆ, ಚೆನ್ನೈಯಿಂದ ಪೋರ್ಟ್ ಬ್ಲೇರ್ ಎರಡು ಗಂಟೆ ಚಿಲ್ಲರೆ. ಹಾರಾಟವೇ ಐದು ಗಂಟೆ. ನಡುವೆ ಕಾಯುವುದು ಬೇರೆ. ಎರಡೂ ಕಡೆ ಗಡಿಯಾರ ಒಂದೇ, ಆದರೆ ಡಿಗ್ರಿಗೆ 4 ನಿಮಿಷದಂತೆ ಪೋರ್ಟ್ ಬ್ಲೇರಿನಲ್ಲಿ ಸೂರ್ಯ 82 ನಿಮಿಷ ಮುಂಚೆ ನೆತ್ತಿಗೆ ಬಂದಿರುತ್ತಾನೆ.

“ಹಂಗಾರ ಮೊನ್ನಿ ಉತ್ತರ ಹೊಡದ್ ಹಾಕ್ಲೇನ್ರಿ ಸರ್?” ಅಂದ ಹುಡುಗ.

“ಹೊಡೀಬ್ಯಾಡ, ಪಕ್ಕಕ್ಕ ಬರಿ” ಅಂದೆ.