ಟಿಎ ಬಿಡಬೇಕು ಅನ್ನಿಸಿದರೆ: ಮೊದಲು ದಿನ ಎಣಿಸಿ, ಆಮೇಲೆ ಅರ್ಜಿ ಬರೆಯಿರಿ

"ಏನ್ಲಾ ಮಗ, ಈ ಸಲನಾದ್ರೂ ಕಬ್ಬು ಕಡಿಯೋವಾಗ ಊರಲ್ಲಿರ್ತೀಯಾ?"

ಅಪ್ಪ ಹೀಗೆ ಕೇಳಿದಾಗ ನಾನು ಹಟ್ಟಿಯಲ್ಲಿ ಟ್ರಂಕು ತುಂಬುತ್ತಿದ್ದೆ. ಮರುದಿನ ವರ್ಷದ ತರಬೇತಿ ಕ್ಯಾಂಪಿಗೆ ಹೊರಡಬೇಕಿತ್ತು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಒಂದಿಷ್ಟು ಗದ್ದೆ, ಮೈಸೂರಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ಕೆಲಸ, ಇವೆರಡರ ಜೊತೆಗೆ ಟೆರಿಟೋರಿಯಲ್ ಆರ್ಮಿ. ಹನ್ನೊಂದು ವರ್ಷ ಮೂರನ್ನೂ ತೂಗಿಸಿಕೊಂಡು ಬಂದಿದ್ದೆ. ಅಪ್ಪನ ಮಂಡಿ ಸವೆದಿತ್ತು. ಅವರು ಬೇಡ ಅಂತ ಒಂದು ದಿನವೂ ಹೇಳಿದವರಲ್ಲ. ಆವತ್ತು ಸುಮ್ನೆ ಕೇಳಿದರು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟೆರಿಟೋರಿಯಲ್ ಆರ್ಮಿಯನ್ನು ನಾವು ಟಿಎ ಅಂತಲೇ ಕರೆಯುವುದು. ನೌಕರಿ, ವ್ಯಾಪಾರ, ಬೇಸಾಯ ಇಟ್ಟುಕೊಂಡೇ ಮಾಡುವ ಸೈನ್ಯದ ಸೇವೆ ಇದು. 1948ರಲ್ಲಿ ಕಾಯ್ದೆ ಬಂತು. 1949ರ ಅಕ್ಟೋಬರ್ 9ರಂದು ರಾಜಾಜಿ ಅವರು ಉದ್ಘಾಟಿಸಿದರು. ಬೆಂಗಳೂರಿನಲ್ಲಿ ನೆಲೆ ಇರುವ 106ನೇ ಪ್ಯಾರಾ ಬೆಟಾಲಿಯನ್‌ನ ಜೊತೆ ಧೋನಿ ಅವರ ನಂಟು ಇರುವುದರಿಂದ ಟಿಎ ಹೆಸರು ಈಗ ಎಲ್ಲರಿಗೂ ಗೊತ್ತು. ಸೇರುವುದು ಹೇಗೆ ಅಂತ ಹುಡುಗರು ದಿನಾ ಕೇಳುತ್ತಾರೆ. ಬಿಡುವುದು ಹೇಗೆ ಅಂತ ಕೇಳುವವರು ಕಡಿಮೆ. ಕೇಳಬೇಕಾದವರು ನಾಚಿಕೆಪಟ್ಟು ಸುಮ್ಮನಿರುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೇಜಾರೋ, ನಿಜವಾದ ಕಾರಣವೋ?

ಕ್ಯಾಂಪ್ ನಡೆಯುವಾಗ ಬಿಡುವ ತೀರ್ಮಾನ ಮಾಡಬೇಡಿ. ಬಿಸಿಲು, ಧೂಳು, ಬೆಳಗಿನ ಜಾವದ ಪಿಟಿ, ಜೊತೆಗೆ ಯಾರೋ ಒಬ್ಬರು ಬೈದಿರುತ್ತಾರೆ. ಅಂಥ ದಿನ ಎಲ್ಲರಿಗೂ ಬಿಟ್ಟುಬಿಡೋಣ ಅನ್ನಿಸುತ್ತದೆ. ಮನೆಗೆ ಬಂದು ಎರಡು ತಿಂಗಳು ಕಳೆಯಲಿ. ಆಗಲೂ ಅದೇ ಅನ್ನಿಸಿದರೆ ಮಾತ್ರ ಮುಂದಿನ ಹೆಜ್ಜೆ ಇಡಿ.

ಇನ್ನೊಂದು ಮಾತನ್ನೂ ನಿಮ್ಮನ್ನೇ ಕೇಳಿಕೊಳ್ಳಿ. ನಗರ ಘಟಕಗಳಲ್ಲಿ ತರಬೇತಿ ವರ್ಷಕ್ಕೆ 30 ದಿನ, ಹಳ್ಳಿ ಕಡೆಯವರು ಹೆಚ್ಚಿರುವ ಪ್ರಾವಿನ್ಶಿಯಲ್ ಘಟಕಗಳಲ್ಲಿ ಎರಡು ತಿಂಗಳು. ತೊಂದರೆ ಆಗುತ್ತಿರುವುದು ಆ ದಿನಗಳಿಂದಲೋ, ಅಥವಾ ಕೆಲಸ ಕೊಟ್ಟವರು ರಜೆಗೆ ತಕರಾರು ಮಾಡುವುದರಿಂದಲೋ? ಎರಡನೆಯದಾದರೆ ಬಿಡುವ ಅಗತ್ಯವೇ ಇಲ್ಲದಿರಬಹುದು. ಸೇವೆಗೆ ಕರೆ ಬಂದಾಗ ರಜೆ ಕೊಡಬೇಕು, ಮುಗಿಸಿ ಬಂದ ಮೇಲೆ ಅದೇ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು ಅಂತ ಟಿಎ ಕಾಯ್ದೆಯೇ ಮಾಲೀಕರಿಗೆ ಹೇಳುತ್ತದೆ. ಯೂನಿಟ್‌ನಿಂದ ಒಂದು ಪತ್ರ ತಂದುಕೊಟ್ಟರೆ ಎಷ್ಟೋ ಕಡೆ ತಕರಾರು ಅಲ್ಲಿಗೇ ನಿಲ್ಲುತ್ತದೆ.

ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಮೈಯಲ್ಲಿ ಮೊದಲಿನ ಕಸುವಿಲ್ಲ, ಚಿಕ್ಕ ಮಕ್ಕಳಿದ್ದಾರೆ. ಇವು ನಿಜವಾದ ಕಾರಣಗಳು. ಇವಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ದಿನ ಎಣಿಸುವುದು

ಅವಸರದಲ್ಲಿ ಜನ ಜಾಸ್ತಿ ಕಳೆದುಕೊಳ್ಳುವುದು ಇಲ್ಲಿಯೇ. ಟಿಎಗೆ ಸೇರಿ ಎಷ್ಟು ವರ್ಷ ಆಯಿತು ಅನ್ನುವುದು ಒಂದು ಲೆಕ್ಕ. ಎಂಬಾಡಿ ಆಗಿ, ಅಂದರೆ ಸೈನ್ಯದ ಕರೆಯ ಮೇಲೆ ಪೂರ್ತಿ ಹೊತ್ತು ಡ್ಯೂಟಿಯಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದು ಬೇರೆಯೇ ಲೆಕ್ಕ. ಪಿಂಚಣಿಗೆ ಬೇಕಾಗುವುದು ಎರಡನೆಯದು. ಜವಾನರಿಗೆ ಮತ್ತು ಜೆಸಿಓಗಳಿಗೆ, ಅಂದರೆ ಸುಬೇದಾರ್ ಮಟ್ಟದವರಿಗೆ, ಅಂಥ ಸೇವೆ 15 ವರ್ಷ ಆಗಬೇಕು, ಅಧಿಕಾರಿಗಳಿಗೆ 20 ವರ್ಷ. ಮನೆಯಲ್ಲಿ ಕೂತ ತಿಂಗಳುಗಳು ಇದಕ್ಕೆ ಸೇರುವುದಿಲ್ಲ. 'ಮಾಜಿ ಸೈನಿಕ' ಅನ್ನುವ ಸ್ಥಾನವೂ ಟಿಎಯಲ್ಲಿದ್ದ ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಎಂಬಾಡಿ ಸೇವೆಗೆ ಪಿಂಚಣಿ ಪಡೆಯುವವರು, ಸೇವೆಯಿಂದಲೇ ಅಂಗವೈಕಲ್ಯ ಆದವರು, ಶೌರ್ಯ ಪದಕ ಪಡೆದವರು ಮಾತ್ರ ಆ ಸಾಲಿಗೆ ಬರುತ್ತಾರೆ. ಹದಿನಾಲ್ಕು ವರ್ಷ ಡ್ಯೂಟಿ ಮಾಡಿ ಸಿಟ್ಟಿನಲ್ಲಿ ಬಿಟ್ಟು ಬಂದರೆ ಆ ಒಂದು ವರ್ಷ ಜೀವಮಾನವಿಡೀ ಕಾಡುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಂಬಾಡಿ ಆದ ತಾರೀಖು, ಡಿಸ್‌ಎಂಬಾಡಿ ಆದ (ಡ್ಯೂಟಿ ಮುಗಿಸಿ ಮನೆಗೆ ಕಳಿಸಿದ) ತಾರೀಖು, ಪ್ರತಿ ವರ್ಷದ ಕ್ಯಾಂಪ್, ಎಲ್ಲವನ್ನೂ ಬರೆಯಿರಿ. ಆಮೇಲೆ ಯೂನಿಟ್ ಆಫೀಸಿನ ಕ್ಲರ್ಕ್ ಹತ್ತಿರ ಕೂತು ನಿಮ್ಮ ದಾಖಲೆಯ ಜೊತೆ ತಾಳೆ ನೋಡಿ. ಪ್ರತಿಯೊಂದು ಅವಧಿಯೂ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಸೇವೆಯ ವಿವರ ದಾಖಲಿಸುವ ಯೂನಿಟ್‌ನ ಆದೇಶದಲ್ಲಿ, ಬಂದಿರಬೇಕು. ನನ್ನದರಲ್ಲಿ ಒಂದು ಕ್ಯಾಂಪ್ ಬಿಟ್ಟುಹೋಗಿತ್ತು. ಯೂನಿಟ್‌ನಲ್ಲಿ ಇದ್ದಾಗಲೇ ಕಣ್ಣಿಗೆ ಬಿದ್ದಿದ್ದರಿಂದ ಸರಿಹೋಯಿತು. ಬಿಟ್ಟು ಬಂದ ಮೇಲೆ ಅದನ್ನು ಸರಿ ಮಾಡಿಸಲು ಎಷ್ಟು ಅಲೆಯಬೇಕಾಗುತ್ತಿತ್ತೋ!

ಇದೇ ಪುಸ್ತಕವನ್ನು ನಮ್ಮ ಪ್ಲಟೂನಿನ ಸುಬೇದಾರ್ ಸಾಹೇಬರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಕ್ಯಾಂಪ್ ಎಣಿಸಿದರು. ಹನ್ನೊಂದರಲ್ಲಿ ಬೆರಳು ನಿಂತಿತು. "ಇನ್ನೊಂದು ಮಾಡು. ಟಿಎ ಮೆಡಲ್‌ಗೆ ಹನ್ನೆರಡು ವರ್ಷ, ಹನ್ನೆರಡು ಟ್ರೇನಿಂಗ್ ಬೇಕು. ಪಿಂಚಣಿ ನಿನಗೆ ಸಿಗಲ್ಲ, ಇದನ್ನಾದ್ರೂ ಬಿಡಬೇಡ," ಅಂದರು. ಅಪ್ಪನಿಗೆ ಹೇಳಿದೆ. "ಒಂದು ವರ್ಷ ತಾನೇ, ಕೂಲಿಯಾಳು ಹಾಕಿಸ್ತೀನಿ, ಹೋಗ್ ಬಾ," ಅಂದರು. ನನಗೆ ಪಿಂಚಣಿ ಇಲ್ಲ. ಅದು ಗೊತ್ತಿದ್ದೇ ಬಿಟ್ಟೆ, ಹಾಗಾಗಿ ಇವತ್ತಿಗೂ ಕೊರಗಿಲ್ಲ.

ಯಾವಾಗ ಬಿಡಬಾರದು

ಕರೆ ಬಂದ ಮೇಲೆ ಬಿಡಬಾರದು. ಡ್ಯೂಟಿಯಲ್ಲಿ ಇರುವಾಗ ಆ ಸೇವೆ ಮುಗಿಯುವವರೆಗೆ ಡಿಸ್ಚಾರ್ಜ್ ಕೇಳುವ ಹಕ್ಕು ಜವಾನನಿಗೆ ಕಾಯ್ದೆಯಲ್ಲಿ ಇಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಟಿಎಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡುವ ಆ ಆದೇಶದ ಅವಧಿ 2028ರ ಫೆಬ್ರವರಿ 9ರವರೆಗೆ ಇದೆ. ನಿಮ್ಮ ಬೆಟಾಲಿಯನ್ ಕರೆಯಲ್ಲಿ ಸೇರಿದೆಯೇ ಅಂತ ಮೊದಲು ತಿಳಿದುಕೊಳ್ಳಿ. ಕಾಯ್ದೆಯ ಮಾತು ಹಾಗಿರಲಿ, ಜೊತೆಯವರು ಮೂಟೆ ಕಟ್ಟುವ ಹೊತ್ತಿಗೆ ನೀವು ಅರ್ಜಿ ಹಿಡಿದು ನಿಂತರೆ ಅವರ ಮುಖ ನೋಡುವುದು ಹೇಗೆ?

ಕ್ಯಾಂಪಿಗೆ ಹೋಗದೆ ಸುಮ್ನೆ ಉಳಿದುಬಿಡುವುದಂತೂ ಬೇಡವೇ ಬೇಡ. ಹಾಗೆ ಉಳಿದರೆ ಬಿಟ್ಟಂತಾಗುವುದಿಲ್ಲ, ಗೈರುಹಾಜರಿ ಆಗುತ್ತದೆ. ಅದಕ್ಕೆ ಶಿಕ್ಷೆಯೂ ಇದೆ. ಒಳ್ಳೆಯ ಸಮಯ ಅಂದರೆ ಆ ವರ್ಷದ ಕ್ಯಾಂಪ್ ಪೂರ್ತಿ ಮುಗಿದು, ಮುಂದಿನದಕ್ಕೆ ಇನ್ನೂ ಹೆಸರು ಕರೆಯದಿರುವಾಗ. ಸೇರುವಾಗ ಸಹಿ ಹಾಕಿದ ಅವಧಿ ಹತ್ತಿರದಲ್ಲೇ ಮುಗಿಯುವುದಿದ್ದರೆ ಅಲ್ಲಿಯವರೆಗೆ ಇರಿ. ಆಗ ಡಿಸ್ಚಾರ್ಜ್ ನಿಮ್ಮ ಹಕ್ಕು, ಯಾರನ್ನೂ ಬೇಡಬೇಕಾಗಿಲ್ಲ.

ಅರ್ಜಿ

ಕಾಗದಕ್ಕಿಂತ ಮೊದಲು ಬಾಯಿಮಾತು. ಪ್ಲಟೂನಿನ ಸುಬೇದಾರ್‌ಗೆ ಮೊದಲು, ಆಮೇಲೆ ಕಂಪನಿ ಕಮಾಂಡರ್‌ಗೆ. ಅವರನ್ನು ದಾಟಿ ನೇರವಾಗಿ ಕಮಾಂಡಿಂಗ್ ಆಫೀಸರ್ ಹತ್ತಿರ ಹೋಗಬೇಡಿ. ಬೇರೆಯವರ ಬಾಯಲ್ಲಿ ಕೇಳಿದರೆ ಅವರಿಗೆ ನೋವಾಗುತ್ತದೆ, ಅಲ್ವಾ?

ಅರ್ಜಿ ಅರ್ಧ ಪುಟ ಸಾಕು. ನಂಬರು, ರ‍್ಯಾಂಕು, ಹೆಸರು, ಕಂಪನಿ, ಸೇರಿದ ತಾರೀಖು, ಯಾವ ತಾರೀಖಿನಿಂದ ಬಿಡುಗಡೆ ಬೇಕು ಅನ್ನುವುದು, ಒಂದೇ ಸಾಲಿನ ಕಾರಣ. ಯಾರ ಮೇಲಿನ ದೂರನ್ನೂ ಅದರಲ್ಲಿ ಸೇರಿಸಬೇಡಿ. ದೂರು ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಈ ಕಾಗದ ನಿಮ್ಮ ಫೈಲಿನಲ್ಲಿ ಕೊನೆಯದಾಗಿ ಉಳಿಯುತ್ತದೆ. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅಧಿಕಾರಿಗಳಾದರೆ ರಾಜೀನಾಮೆ ಮೇಲಿನವರೆಗೆ ಹೋಗಿ ಒಪ್ಪಿಗೆ ಆಗಬೇಕು, ತಿಂಗಳುಗಳೇ ಹಿಡಿಯಬಹುದು. ಒಪ್ಪಿಗೆ ಕೈಗೆ ಬರುವವರೆಗೆ ನೀವು ಸೇವೆಯಲ್ಲಿ ಇದ್ದೀರಿ ಅಂತಲೇ ಲೆಕ್ಕ. ಕರೆದರೆ ಹೋಗಬೇಕು.

ಒಪ್ಪಿಸುವುದು

ನನ್ನ ಕೈಯಲ್ಲಿ ಪ್ಲಟೂನಿನ ಸ್ಟೋರ್ ಇತ್ತು. ಕೊನೆಯ ಕ್ಯಾಂಪಿನಲ್ಲಿ ಹೊಸ ಹುಡುಗನೊಬ್ಬನನ್ನು ಜೊತೆಗೆ ಕೂರಿಸಿಕೊಂಡೆ. ಟೆಂಟಿನ ಗೂಟಗಳನ್ನು ನೆಲದ ಮೇಲೆ ಹತ್ತತ್ತರಂತೆ ಸಾಲಾಗಿ ಜೋಡಿಸಿದೆವು. ಲೆಡ್ಜರ್‌ನಲ್ಲಿ ನಲವತ್ತು, ನೆಲದ ಮೇಲೆ ಮೂವತ್ತೇಳು. ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಅಡುಗೆ ಟೆಂಟಿನ ಹಿಂದೆ ಎರಡು ಸಿಕ್ಕವು, ಬಟ್ಟೆ ಒಣಗಿಸಲು ಯಾರೋ ನೆಟ್ಟಿದ್ದರು. ಒಂದು ಸಿಗಲೇ ಇಲ್ಲ. ಅದರ ದುಡ್ಡು ಕಟ್ಟಿ, ರಸೀದಿಯನ್ನು ಲೆಡ್ಜರ್‌ಗೆ ಅಂಟಿಸಿ, ಹುಡುಗನ ಕೈಯಲ್ಲಿ ಸಹಿ ಹಾಕಿಸಿದೆ. ಯಾವ ಟೆಂಟಿನ ಕಂಬ ಸೊಟ್ಟಗಿದೆ, ಯಾವ ಜೆರ್ರಿಕ್ಯಾನ್ ಸೋರುತ್ತದೆ, ಇಂಥವು ಲೆಡ್ಜರ್‌ನಲ್ಲಿ ಇರುವುದಿಲ್ಲ. ಇವನ್ನು ಕೂತು ಹೇಳಿಕೊಡಬೇಕು. ನಿಮ್ಮದು ಡ್ರೈವರ್ ಕೆಲಸವೋ ಕ್ಲರ್ಕ್ ಕೆಲಸವೋ, ಮುಂದೆ ಬರುವವನು ಮೊದಲ ವಾರ ಎಲ್ಲಿ ಎಡವುತ್ತಾನೆ ಅಂತ ನಿಮಗೆ ಗೊತ್ತಿರುತ್ತದೆ.

ಕಿಟ್, ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲ ವಾಪಸ್ ಕೊಟ್ಟು ಕ್ಲಿಯರೆನ್ಸ್ ತೆಗೆದುಕೊಳ್ಳಿ. ಸಂಬಳದಲ್ಲಿ ಭವಿಷ್ಯ ನಿಧಿ, ಗುಂಪು ವಿಮೆ ಅಂತ ಹಣ ಕಡಿತ ಆಗಿದ್ದರೆ ಅದರ ಅರ್ಜಿಯನ್ನು ಅಲ್ಲೇ ತುಂಬಿ. ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಸರು, ಹುಟ್ಟಿದ ದಿನಾಂಕ, ಹೆಂಡತಿ ಮಕ್ಕಳ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇವೆಯೇ ಅಂತ ಗೇಟ್ ದಾಟುವ ಮುಂಚೆ ನೋಡಿ. ತಂದೆಯ ಹೆಸರಿನ ಇನಿಶಿಯಲ್ ಒಂದು ಅದಲುಬದಲಾದರೂ ಆಮೇಲೆ ಕಷ್ಟ.

ಬಡಾಖಾನಾ, ಅಂದರೆ ಯೂನಿಟ್‌ನವರೆಲ್ಲ ಕೂತು ಉಣ್ಣುವ ಊಟ, ಇಟ್ಟರೆ ತಪ್ಪಿಸಿಕೊಳ್ಳಬೇಡಿ. ನಾಚಿಕೆಯಾದರೂ ಹೋಗಿ ಊಟ ಮಾಡಿ, ಎದ್ದು ನಿಂತು ನಾಲ್ಕು ಮಾತಾಡಿ, ಅಡುಗೆಯವರ ತನಕ ಎಲ್ಲರ ಕೈ ಕುಲುಕಿ ಬನ್ನಿ.

ಮನೆಗೆ ಬಂದ ಮೊದಲ ವರ್ಷ ಕ್ಯಾಂಪಿನ ತಿಂಗಳು ಬಂದಾಗ ಕಾಲು ನಿಲ್ಲುವುದಿಲ್ಲ. ಆ ತಿಂಗಳಿಗೆ ಮೊದಲೇ ಏನಾದರೂ ಕೆಲಸ ಇಟ್ಟುಕೊಳ್ಳಿ. ನನಗೆ ಕಬ್ಬಿನ ಕಟಾವು ಇತ್ತು. ಬೆಳಿಗ್ಗೆ ನಾಲ್ಕೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು, ಅಪ್ಪನಿಗಿಂತ ಮೊದಲು ಗದ್ದೆಯಲ್ಲಿ ಇರುತ್ತಿದ್ದೆ. ಅಕ್ಟೋಬರ್ 9 ಟಿಎ ದಿನ. ಆವತ್ತು ಸುಬೇದಾರ್ ಸಾಹೇಬರಿಗೆ ಫೋನ್ ಮಾಡುತ್ತೇನೆ. ಹೋದ ವರ್ಷ ಮಾಡಿದಾಗ ಅಪ್ಪನ ಮಂಡಿ ಹೇಗಿದೆ ಅಂತ ಕೇಳಿದರು. ಆಮೇಲೆ, ಸ್ಟೋರಿನ ಹುಡುಗ ಲೆಡ್ಜರ್ ಚೆನ್ನಾಗಿ ಇಟ್ಟಿದ್ದಾನೆ ಅಂದರು.