ದೇಹ ಸೇರಿದ ಸೀಸವನ್ನು ಔಷಧದಿಂದ ಹೊರಹಾಕುವ ಬಗೆ

ಮಗುವಿನ ಮೈಗೆ ಸೀಸ ಸೇರಿದೆಯೆಂಬ ಅನುಮಾನ ಬಂದರೆ ಮೊದಲು ರಕ್ತನಾಳದಿಂದ ತೆಗೆದ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಬೆರಳ ತುದಿಯ ಹನಿಯಲ್ಲಿ ಚರ್ಮಕ್ಕಂಟಿದ ಧೂಳು ಬೆರೆತು ಅಂಕಿ ತಪ್ಪಾಗಿ ಏರಬಹುದು. ಮೊದಲು ಲೋಹ ಹೊರಹಾಕುವ ಔಷಧ ಕೊಟ್ಟು, ಆಮೇಲೆ ಮೂತ್ರ ಪರೀಕ್ಷಿಸಿ, ‘ಮೈತುಂಬ ವಿಷವಿದೆ’ ಎನ್ನುವವರ ಮಾತಿಗೆ ಮರುಳಾಗಬಾರದು. ಆ ಔಷಧ ನುಂಗಿದ ಆರೋಗ್ಯವಂತರ ಮೂತ್ರದಲ್ಲೂ ಲೋಹದ ಪ್ರಮಾಣ ಹೆಚ್ಚುತ್ತದೆ.

ಸೀಸ ಎಲ್ಲಿಂದ ಬರುತ್ತಿದೆ ಎಂಬುದನ್ನು ಅದೇ ಹೊತ್ತಿಗೆ ಪತ್ತೆಹಚ್ಚಬೇಕು. ಹಳೆಯ ಬ್ಯಾಟರಿ ಒಡೆಯುವ ತಂದೆಯ ಅಂಗಿಗೆ ಅಂಟಿದ ಧೂಳು, ಗೋಡೆಯಿಂದ ಉದುರುವ ಹಳೆಯ ಬಣ್ಣ, ಲೋಹ ಬೆರೆಸಿ ಮಾಡುವ ಕೆಲವು ರಸೌಷಧಿಗಳು ಇವೆಲ್ಲ ಮೂಲಗಳಾಗಬಹುದು. ತವರಕ್ಕೆ ಸೀಸ ಬೆರೆಸಿ ಕಲಾಯಿ ಹಾಕಿದ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿದರೆ ಸೀಸ ಸಾರಿಗೇ ಇಳಿಯುತ್ತದೆ. ಮೂಲವನ್ನು ಹಾಗೆಯೇ ಬಿಟ್ಟು ಔಷಧ ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ರಕ್ತದ ಪ್ರತಿ ಡೆಸಿಲೀಟರಿನಲ್ಲಿ (ನೂರು ಮಿಲಿಲೀಟರಿನಲ್ಲಿ) 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದ್ದ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಸಕ್ಸಿಮರ್ ಎಂಬ ಕ್ಯಾಪ್ಸೂಲ್ ಬರೆಯುತ್ತಾರೆ. ಅದರಲ್ಲಿರುವ ಗಂಧಕದ ಪರಮಾಣುಗಳು ಸೀಸವನ್ನು ಹಿಡಿದುಕೊಂಡು, ಮೂತ್ರಪಿಂಡದ ಮೂಲಕ ಹೊರಹೋಗಬಲ್ಲ ಸಂಯುಕ್ತವಾಗುತ್ತವೆ. ರೂಢಿಯ ಕ್ರಮವೆಂದರೆ, ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಐದು ದಿನ ಎಂಟು ಗಂಟೆಗೊಮ್ಮೆ, ಅನಂತರ ಹದಿನಾಲ್ಕು ದಿನ ಹನ್ನೆರಡು ಗಂಟೆಗೊಮ್ಮೆ. ಕೊಳೆತ ಮೊಟ್ಟೆಯಂಥ ವಾಸನೆಗೆ ಮಗು ಮುಖ ತಿರುಗಿಸಿದರೆ ಕ್ಯಾಪ್ಸೂಲ್ ಬಿಡಿಸಿ, ಒಳಗಿನ ಮಣಿಗಳನ್ನು ಮೆತ್ತನೆಯ ಆಹಾರದ ಮೇಲೆ ಉದುರಿಸಿ ಕೂಡಲೇ ತಿನ್ನಿಸಬಹುದು. ಈ ಅವಧಿಯಲ್ಲಿ ಬಿಳಿ ರಕ್ತಕಣಗಳ ಎಣಿಕೆಯನ್ನೂ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು.

ಸೆಳೆತ, ಮಂಪರು, ಬಿಡದ ವಾಂತಿ ಇದ್ದರೆ ಮನೆಯಲ್ಲಿ ಕಾಯದೆ ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಡೈಮರ್‌ಕ್ಯಾಪ್ರಾಲ್ ಚುಚ್ಚುಮದ್ದನ್ನು ಮೊದಲು ಕೊಟ್ಟು, ಕೆಲವು ಗಂಟೆಗಳ ಬಳಿಕ ಸೀಸವನ್ನು ಹಿಡಿದು ಹೊರಹಾಕುವ ಇನ್ನೊಂದು ಔಷಧವಾದ ಕ್ಯಾಲ್ಸಿಯಂ ಇಡಿಟಿಎ ಆರಂಭಿಸುತ್ತಾರೆ. ಡೈಮರ್‌ಕ್ಯಾಪ್ರಾಲ್ ಕಡಲೆಕಾಯಿ ಎಣ್ಣೆಯಲ್ಲಿರುವುದರಿಂದ ಕಡಲೆಕಾಯಿಯ ಅಲರ್ಜಿ ಇದ್ದರೆ ಮುಂಚೆಯೇ ಹೇಳಬೇಕು. ಇಡಿಟಿಎಯ ಪೂರ್ಣ ಹೆಸರನ್ನು ಸೀಸೆಯ ಮೇಲೆ ಓದಿಯೇ ಕೊಡಬೇಕು: ಡೈಸೋಡಿಯಂ ಇಡಿಟಿಎ ಬೇರೆಯದು, ಅದು ರಕ್ತದ ಕ್ಯಾಲ್ಸಿಯಂ ಕುಸಿಯುವಂತೆ ಮಾಡುತ್ತದೆ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕನೊಬ್ಬ ಹೀಗೆಯೇ ಸತ್ತ.

ಕಡಿಮೆ ಮಟ್ಟದ ಸೀಸಕ್ಕೆ ಈ ಔಷಧಗಳ ಮೊರೆ ಹೋಗುವುದನ್ನು ನಾನು ಒಪ್ಪುವುದಿಲ್ಲ. 20ರಿಂದ 44 ಮೈಕ್ರೋಗ್ರಾಂ ಇದ್ದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಕ್ಸಿಮರ್ ರಕ್ತದ ಸೀಸವನ್ನು ಇಳಿಸಿತಾದರೂ ಬುದ್ಧಿಶಕ್ತಿಯ ಅಂಕಗಳು ಸುಧಾರಿಸಲಿಲ್ಲ.

ಔಷಧ ಮುಗಿದ ಒಂದರಿಂದ ಮೂರು ವಾರದೊಳಗೆ ಮತ್ತೆ ರಕ್ತಪರೀಕ್ಷೆ ಆಗಬೇಕು. ಮೂಳೆಗಳಲ್ಲಿ ದಶಕಗಟ್ಟಲೆ ಉಳಿಯಬಲ್ಲ ಸೀಸವು ಔಷಧದಿಂದ ಸೀಸ ಕಡಿಮೆಯಾದ ರಕ್ತಕ್ಕೆ ಮರಳಿ ಇಳಿಯುವುದರಿಂದ ಅಂಕಿ ಪುನಃ ಏರುವುದುಂಟು. ಆಗ ವೈದ್ಯರು ಎರಡನೆಯ ಸುತ್ತು ಆರಂಭಿಸಬಹುದು.